ಪ್ರವಾಸಿಯ ದುಸ್ಸಾಹಸವೂ ವಿಮೆಯ ಧರ್ಮವೂ

ಯೂರೋಪಿನ ಷೆಂಗೆನ್ ದೇಶಗಳಿಗೆ ಹೋಗಬಯಸುವವರು ಕನಿಷ್ಠ 30,000 ಯೂರೋಗಳಷ್ಟು ವೈದ್ಯಕೀಯ ವೆಚ್ಚವನ್ನು ಭರಿಸುವ ಪ್ರವಾಸವಿಮೆಯ ಪತ್ರವನ್ನು ವೀಸಾ ಅರ್ಜಿಯೊಡನೆ ಲಗತ್ತಿಸತಕ್ಕದ್ದೆಂಬ ನಿಯಮವಿರುವುದರಿಂದ, ಈಚಿನ ವರ್ಷಗಳಲ್ಲಿ ನಮ್ಮ ಕೊಡಗಿನ ಕೊಡ್ಲಿಪೇಟೆ, ಶನಿವಾರಸಂತೆ, ಸೋಮವಾರಪೇಟೆಗಳ ಕಾಫಿ ಬೆಳೆಗಾರರ ಮನೆಗಳಲ್ಲಿಯೂ ಇಂತಹ ಪತ್ರಗಳು ಕಾಣಸಿಗುತ್ತವೆ. ಮಗಳ ಬಾಣಂತನಕ್ಕೆಂದು ಜರ್ಮನಿಗೆ ಹೊರಟ ತಾಯಿಯಾಗಲಿ, ಮದುವೆಯಾದ ಹೊಸತರಲ್ಲಿ ಸ್ವಿಟ್ಜರ್ಲೆಂಡನ್ನು ನೋಡಿಬರಲು ಹೊರಟ ದಂಪತಿಗಳಾಗಲಿ ಅದನ್ನು ವೀಸಾ ಕಡತದ ಒಂದು ಕಾಗದವೆಂದು ಬಗೆಯುತ್ತಾರೆಯೇ ಹೊರತು, ತಾವು ಸಹಿ ಹಾಕಿರುವುದು ಉಭಯ ಪಕ್ಷಗಳನ್ನೂ ಬಂಧಿಸುವ ಒಂದು ಕರಾರಿಗೆ ಎಂಬುದನ್ನು ಮನಸ್ಸಿಗೆ ತಂದುಕೊಳ್ಳುವುದು ವಿರಳ. ಏಜೆಂಟರು ಮೊಬೈಲಿಗೆ ಕಳುಹಿಸಿದ ಕಡತದಲ್ಲಿ ಮೊದಲ ಪುಟದ ಹೆಸರು, ಪಾಸ್‌ಪೋರ್ಟಿನ ಸಂಖ್ಯೆ, ಹೋಗಿಬರುವ ದಿನಾಂಕ ಇಷ್ಟನ್ನು ತಾಳೆ ನೋಡಿದರೆ ಓದು ಮುಗಿಯಿತು. ಪರಿಹಾರ ಯಾವ ಯಾವ ಸಂದರ್ಭದಲ್ಲಿ ದೊರೆಯಲಾರದೆಂಬುದನ್ನು ಹೇಳುವ ಪುಟಗಳು ಅದರ ಹಿಂದೆ ಸಣ್ಣಕ್ಷರದ ಇಂಗ್ಲಿಷಿನಲ್ಲಿ ಅಸ್ಪೃಷ್ಟವಾಗಿಯೇ ಉಳಿಯುತ್ತವೆ.

ವಿಮೆಯನ್ನು ಕಡ್ಡಾಯ ಮಾಡದ ದೇಶಗಳಿಗೆ ಹೋಗುವವರ ಸ್ಥಿತಿ ಇದಕ್ಕಿಂತಲೂ ಚಿಂತಾಜನಕವಾದುದು. 2023ರ ನವೆಂಬರಿನಿಂದ ಥಾಯ್ಲೆಂಡ್ ಭಾರತೀಯರಿಗೆ ವೀಸಾ ವಿನಾಯಿತಿಯನ್ನು ನೀಡಿದ ಮೇಲೆ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಸೀಮೆಯ ತರುಣರು ಗೋವೆಗೆ ಹೋಗಿಬಂದಷ್ಟೇ ಸಲೀಸಾಗಿ ಫುಕೆಟ್‌ಗೆ ಹೋಗಿಬರುತ್ತಿದ್ದಾರೆ. ಹೋಗಲಿ, ನೋಡಲಿ, ದೇಶ ಸುತ್ತುವುದು ವಿದ್ಯೆಯ ಒಂದು ಅಂಗವೆಂದು ನಂಬಿದವರಲ್ಲಿ ನಾನೂ ಒಬ್ಬ. ಆದರೆ ಅಲ್ಲಿ ಇಳಿದ ಮರುದಿನವೇ ಪಾಸ್‌ಪೋರ್ಟನ್ನು ಅಡವಾಗಿಟ್ಟು ಬಾಡಿಗೆ ಸ್ಕೂಟರನ್ನು ಹಿಡಿದು, ಹೆಲ್ಮೆಟನ್ನು ಕೈಗೆ ನೇತುಹಾಕಿಕೊಂಡು, ಸಮುದ್ರದಂಚಿನ ಏರುತಗ್ಗಿನ ರಸ್ತೆಗಳಲ್ಲಿ ಹೊರಟುಬಿಡುವ ಆ ತರುಣನ ಜೇಬಿನಲ್ಲಿರುವ ಚಾಲನಾ ಪರವಾನಗಿಯನ್ನು ಒಮ್ಮೆ ಹೊರತೆಗೆದು ನೋಡಬೇಕು. ಅದರಲ್ಲಿ ‘ಎಲ್‌ಎಂವಿ’ ಎಂಬ ಅಕ್ಷರಗಳು ಮಾತ್ರವಿದ್ದರೆ ಅದು ಕಾರಿನ ಪರವಾನಗಿ. ‘ಎಂಸಿಡಬ್ಲ್ಯೂಜಿ’ ಎಂದೂ ಇದ್ದರೆ ಮಾತ್ರ ಗೇರಿನ ಬೈಕಿಗೂ ಅದು ಸಲ್ಲುತ್ತದೆ. ಮಡಿಕೇರಿಯ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ 1,000 ರೂಪಾಯಿ ಶುಲ್ಕ ಕಟ್ಟಿ ಪಡೆಯಬಹುದಾದ ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯ ಪುಸ್ತಿಕೆಯಲ್ಲಿಯೂ ವಾಹನಗಳ ವರ್ಗಗಳು ಬೇರೆಬೇರೆಯಾಗಿಯೇ ಇದ್ದು, ಯಾವ ವರ್ಗದ ಎದುರು ಮುದ್ರೆ ಬಿದ್ದಿರುವುದೋ ಆ ವರ್ಗಕ್ಕಷ್ಟೇ ಅದು ಅನುಮತಿ; ಅದರ ಅವಧಿಯೂ ಒಂದೇ ವರ್ಷ.

ದುರ್ದೈವದಿಂದ ಸ್ಕೂಟರು ಜಾರಿ ಬಿದ್ದು ತೊಡೆಯ ಮೂಳೆ ಮುರಿದು ಆಸ್ಪತ್ರೆ ಸೇರಿದನೆನ್ನಿ. ವಿಮಾ ಸಂಸ್ಥೆಯ ಸಹಾಯವಾಣಿಗೆ ಕರೆ ಮಾಡಿದೊಡನೆ ಅವರು ಕೇಳುವುದು ಪಾಲಿಸಿಯ ಸಂಖ್ಯೆ, ಪಾಸ್‌ಪೋರ್ಟಿನಲ್ಲಿ ಪ್ರವೇಶದ ಮುದ್ರೆ ಬಿದ್ದ ಪುಟ, ವೈದ್ಯರ ವರದಿ, ಪೊಲೀಸರ ವರದಿ, ಮತ್ತು ವಾಹನ ನಡೆಸುತ್ತಿದ್ದವನ ಪರವಾನಗಿ. ಆ ವರ್ಗದ ವಾಹನಕ್ಕೆ ಪರವಾನಗಿ ಇಲ್ಲವೆಂದಾಗಲಿ, ರಕ್ತದಲ್ಲಿ ಮದ್ಯಾಂಶವಿತ್ತೆಂದಾಗಲಿ ತೋರಿಬಂದಲ್ಲಿ ಬಹುಪಾಲು ಪಾಲಿಸಿಗಳ ಪ್ರಕಾರ ಬೇಡಿಕೆ ಅಲ್ಲಿಗೇ ನಿಂತಿತು. ಹಗ್ಗ ಕಟ್ಟಿಕೊಂಡು ಧುಮುಕುವುದು, ಪ್ಯಾರಾಗ್ಲೈಡಿಂಗ್, ಆಳಸಮುದ್ರದ ಈಜು ಮುಂತಾದ ಸಾಹಸಕ್ರೀಡೆಗಳಿಗೂ ಸಾಮಾನ್ಯವಾಗಿ ಪ್ರತ್ಯೇಕವಾದ ಹೆಚ್ಚುವರಿ ಕಂತನ್ನು ಕಟ್ಟಿರದಿದ್ದಲ್ಲಿ ಇದೇ ಗತಿ. ಪರದೇಶದ ಆಸ್ಪತ್ರೆಯ ಬಿಲ್ಲು, ಸ್ಟ್ರೆಚರಿನಲ್ಲಿ ಮಲಗಿಸಿ ಕರೆತರಲು ವಿಮಾನದಲ್ಲಿ ಹಲವು ಆಸನಗಳ ದರ, ಜೊತೆಗೆ ಬರುವ ದಾದಿಯ ವೆಚ್ಚ, ಇವೆಲ್ಲವೂ ಊರಿನಲ್ಲಿರುವ ತಂದೆಯ ಹೆಗಲಿಗೆ ಬೀಳುತ್ತವೆ. ಮುಂದಿನ ಕೊಯ್ಲಿನ ಕಾಫಿಯನ್ನು ವ್ಯಾಪಾರಿಗೆ ಮುಂಗಡವಾಗಿಯೇ ಬರೆದುಕೊಟ್ಟು ಹಣ ಹೊಂದಿಸುವ ಕಾಲ ಬರುತ್ತದೆ.

ಇದು ವಿಮಾ ಸಂಸ್ಥೆಗಳ ನಿರ್ದಯತೆಯೆಂದು ಕೂಗುವವರು ಬಹುಮಂದಿ. ನನಗೆ ಹಾಗೆ ತೋರುವುದಿಲ್ಲ. ವಿಮೆಯ ನಿಧಿ ಯಾವ ಧನಿಕನ ದಾನವೂ ಅಲ್ಲ. ಎಲ್ಲರೂ ಮಣ್ಣು ಹೊತ್ತು ಕಟ್ಟಿದ ಊರಿನ ಕೆರೆಯಂತೆ ಅದು ಜಾಗರೂಕರಾದ ಸಹಸ್ರಾರು ಜನರ ಕಂತಿನಿಂದ ತುಂಬಿದುದು, ಮತ್ತು ಒಬ್ಬನು ತನ್ನ ಕ್ಷಣಿಕವಾದ ಉಲ್ಲಾಸಕ್ಕೆಂದು ಅದರ ಏರಿಯನ್ನು ಒಡೆಯಲು ಬಂದಾಗ ಉಳಿದವರು ತಡೆಯುವುದು ನ್ಯಾಯವೇ ಆಗಿದೆ. ನಮ್ಮ ನೆರೆಯ ಹಾಸನ ಜಿಲ್ಲೆಯ ಒಂದು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇದಕ್ಕೆ ಸಮೀಪವಾದ ತತ್ತ್ವವನ್ನು ಎತ್ತಿಹಿಡಿದಿದೆ. 2014ರ ಜೂನ್ 18ರಂದು ಕುಟುಂಬದವರೊಡನೆ ಅರಸೀಕೆರೆಯ ಕಡೆಗೆ ಕಾರಿನಲ್ಲಿ ಹೊರಟಿದ್ದ ಒಬ್ಬರು ಅತಿವೇಗ ಮತ್ತು ಅಜಾಗರೂಕತೆಯಿಂದ ವಾಹನ ನಡೆಸಿ, ಅದು ಉರುಳಿಬಿದ್ದು ಮೃತರಾದರು. ಹೆಂಡತಿ, ಮಗ ಮತ್ತು ತಂದೆತಾಯಿಗಳು 80 ಲಕ್ಷ ರೂಪಾಯಿ ಪರಿಹಾರ ಕೇಳಿದರು. ನ್ಯಾಯಮಂಡಳಿಯೂ ಕರ್ನಾಟಕ ಉಚ್ಚ ನ್ಯಾಯಾಲಯವೂ ಅದನ್ನು ಒಪ್ಪಲಿಲ್ಲ. 2025ರ ಜುಲೈ 2ರಂದು ಸರ್ವೋಚ್ಚ ನ್ಯಾಯಾಲಯವೂ ಆ ತೀರ್ಪಿನಲ್ಲಿ ಕೈಹಾಕಲು ನಿರಾಕರಿಸಿತು. ಅಪಘಾತಕ್ಕೆ ತಾನೇ ಕಾರಣನಾದವನ ವಾರಸುದಾರರಿಗೆ, ಆ ಅಪಘಾತದ ಹೆಸರಿನಲ್ಲಿಯೇ, ಪರಿಹಾರ ಸಲ್ಲದೆಂಬುದು ಅದರ ಇಂಗಿತ. ಅದು ಮೋಟಾರು ವಾಹನ ಕಾಯಿದೆಯ ಪ್ರಕರಣ, ಪ್ರವಾಸವಿಮೆಯದಲ್ಲ ಎಂಬುದು ನಿಜ. ಆದರೂ ನ್ಯಾಯದೃಷ್ಟಿ ಯಾವ ಕಡೆಗೆ ವಾಲುತ್ತದೆಂಬುದನ್ನು ಅದು ತೋರಿಸಿಕೊಡುತ್ತದೆ. ಆ ಮನೆಯವರ ದುಃಖವನ್ನು ನೆನೆದರೆ ಯಾರ ಮನಸ್ಸೂ ಕರಗುವುದು. ಆದರೆ ತೀರ್ಪು ತಪ್ಪೆಂದು ನಾನು ಹೇಳಲಾರೆ.

ಮತ್ತೊಂದು ಪ್ರಕರಣ ದುಸ್ಸಾಹಸದ್ದಲ್ಲ, ಆದರೆ ಪರದೇಶದ್ದು. ಟೀ ಕಾಫಿ ತೋಟಗಳ ಕೆಲಸಕ್ಕೆ ಆಫ್ರಿಕೆಗೆ ಹೋಗುವವರು ತಿಳಿದಿರತಕ್ಕದ್ದು. ಮೊಜಾಂಬಿಕ್ ದೇಶದ ಚಹಾ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಭಾರತೀಯರೊಬ್ಬರು 2012ರ ನವೆಂಬರಿನಲ್ಲಿ ಮಲೇರಿಯಾದಿಂದ ತೀರಿಕೊಂಡಾಗ, ಸೊಳ್ಳೆಯ ಕಡಿತವೂ ಅನಿರೀಕ್ಷಿತವಾದ ಅಪಘಾತವೇ ಎಂದು ವಿಮೆಯ ಪರಿಹಾರಕ್ಕಾಗಿ ಕುಟುಂಬದವರು ವಾದಿಸಿದರು. ಮೂವರಲ್ಲಿ ಒಬ್ಬರಿಗೆ ಮಲೇರಿಯಾ ತಗಲುವ ದೇಶದಲ್ಲಿ ಅದನ್ನು ಅಪಘಾತವೆನ್ನಲಾಗದೆಂದು 2019ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಪಾಲಿಸಿಯಲ್ಲಿರುವ ಒಂದೊಂದು ಪದವೂ ಹೀಗೆ ಒಂದು ಕುಟುಂಬದ ಭವಿಷ್ಯವನ್ನು ನಿರ್ಣಯಿಸುವಷ್ಟು ಭಾರವಾದುದು.

ಹಾಗೆಂದು ಸಂಸ್ಥೆಗಳ ಕಡೆಗೆ ಯಾವ ಹೊಣೆಯೂ ಇಲ್ಲವೆಂದಲ್ಲ. ವಿಮೆಯ ಕರಾರಿಗೆ ಪರಮ ವಿಶ್ವಾಸವೇ ಆಧಾರವೆಂದು ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ 1766ರಲ್ಲಿ ವಿಧಿಸಿದುದು ಪ್ರಸಿದ್ಧವಾಗಿದೆ. ಸುಮಾತ್ರಾ ದ್ವೀಪದ ಮಾರ್ಲ್‌ಬರೋ ಕೋಟೆಯ ಗವರ್ನರನಾಗಿದ್ದ ಕಾರ್ಟರನು ಆ ಕೋಟೆ ಶತ್ರುವಶವಾಗುವ ಅಪಾಯಕ್ಕೆ ವಿಮೆ ಮಾಡಿಸಿದ್ದನು. ಫ್ರೆಂಚರು ಅದನ್ನು ಹಿಡಿದರು. ಕೋಟೆ ದುರ್ಬಲವಾಗಿದ್ದುದನ್ನು ಮುಚ್ಚಿಟ್ಟನೆಂದು ವಿಮೆಗಾರನು ಹಣ ಕೊಡಲು ಒಪ್ಪಲಿಲ್ಲ. ವಿಮೆ ಮಾಡಿಸಿದವನು ಸತ್ಯವನ್ನು ಅಡಗಿಸಕೂಡದೆಂಬ ಈ ವಾಕ್ಯವನ್ನು ಸಂಸ್ಥೆಗಳು ಇಂದಿಗೂ ಉದ್ಧರಿಸುವುದುಂಟು. ಆದರೆ ಆ ಮೊಕದ್ದಮೆಯಲ್ಲಿ ಗೆದ್ದವನು ಕಾರ್ಟರನೇ ಎಂಬುದನ್ನು ನೆನೆಯುವವರು ಕಡಮೆ. ವಿಚಾರಿಸಿ ತಿಳಿದುಕೊಳ್ಳಬಹುದಾಗಿದ್ದುದನ್ನು ವಿಚಾರಿಸದೆ ಕಂತನ್ನು ಪಡೆದವನು, ನಷ್ಟ ಸಂಭವಿಸಿದ ಮೇಲೆ ಆಕ್ಷೇಪವೆತ್ತುವುದು ಸಲ್ಲದೆಂಬ ಅಂಶವೂ ಆ ತೀರ್ಪಿನಲ್ಲಿಯೇ ಅಡಗಿದೆ. ಪಾಲಿಸಿಯನ್ನು ಮಾರುವಾಗ ‘ಎಲ್ಲ ಕವರಾಗುತ್ತೆ ಸಾರ್’ ಎಂದು ಒಂದೇ ಮಾತಿನಲ್ಲಿ ಮುಗಿಸಿ, ಬೇಡಿಕೆ ಬಂದಾಗ ಹದಿನಾಲ್ಕನೆಯ ಪುಟವನ್ನು ತೋರಿಸುವುದು ಈ ವಿಶ್ವಾಸಕ್ಕೆ ದ್ರೋಹವೇ ಸರಿ. ಆರೋಗ್ಯವಿಮೆಯ ಮುಖ್ಯಾಂಶಗಳನ್ನೂ, ಯಾವುದಕ್ಕೆ ಪರಿಹಾರವಿಲ್ಲವೆಂಬುದನ್ನೂ ಸರಳವಾಗಿ ತಿಳಿಸುವ ಮಾಹಿತಿಪತ್ರವನ್ನು ಗ್ರಾಹಕನು ಬಯಸಿದಲ್ಲಿ ಅವನ ಭಾಷೆಯಲ್ಲಿಯೇ ಕೊಡಬೇಕೆಂಬ ನಿಯಮ ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ 2024ರ ಜನವರಿಯಿಂದ ಜಾರಿಯಲ್ಲಿದೆ. ನಮ್ಮ ವಿಮಾ ಕಾಯಿದೆಯ ವ್ಯಾಖ್ಯೆಯಂತೆ ಪ್ರವಾಸವಿಮೆಯೂ ಆರೋಗ್ಯವಿಮೆಯ ವ್ಯವಹಾರಕ್ಕೇ ಸೇರುತ್ತದೆ. ಕನ್ನಡದ ಪ್ರತಿಯನ್ನು ಕೇಳಿ ಪಡೆಯತಕ್ಕದ್ದು. ಅನ್ಯಾಯವಾಯಿತೆಂದು ತೋರಿದರೆ ಮೊದಲು ಸಂಸ್ಥೆಗೆ ಬರೆದು, ಉತ್ತರ ಸಮಾಧಾನಕರವಾಗಿರದಿದ್ದಲ್ಲಿ ಅಥವಾ ಮೂವತ್ತು ದಿನಗಳಲ್ಲಿ ಉತ್ತರವೇ ಬಾರದಿದ್ದಲ್ಲಿ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ವಕೀಲರ ಹಂಗಿಲ್ಲದೆ, ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.

ಈಗ ನನ್ನ ಮುಖ್ಯವಾದ ಮಾತಿಗೆ ಬರುತ್ತೇನೆ. ಪರದೇಶದಲ್ಲಿ ತೋರುವ ದುಸ್ಸಾಹಸ ಅಲ್ಲಿಯೇ ಹುಟ್ಟಿದುದಲ್ಲ. ಅದರ ಅಭ್ಯಾಸವಾದುದು ನಮ್ಮ ಬೆಟ್ಟಗಳಲ್ಲಿ. ಶನಿವಾರ ಬೆಳಗಾದರೆ ಸಕಲೇಶಪುರದ ಕಡೆಯಿಂದ ಕೊಡ್ಲಿಪೇಟೆಯ ಪೇಟೆಬೀದಿಯನ್ನು ದಾಟಿ ಹೋಗುವ ವಾಹನಗಳಲ್ಲಿ ಅನೇಕವು ಶಾಂತಳ್ಳಿಯ ದಾರಿಯಾಗಿ ಮಲ್ಲಳ್ಳಿ ಜಲಪಾತವನ್ನು ಸೇರುತ್ತವೆ. ಪುಷ್ಪಗಿರಿಯ ತಪ್ಪಲಿನಲ್ಲಿ ಕುಮಾರಧಾರೆ ಎರಡು ಹಂತಗಳಾಗಿ ಧುಮುಕುವ ಆ ಸ್ಥಳದಲ್ಲಿ ಮೆಟ್ಟಿಲುಗಳಿವೆ, ಕಂಬಿಗಳಿವೆ, ಎಚ್ಚರಿಕೆಯ ಫಲಕಗಳಿವೆ. ಮಳೆಗಾಲದಲ್ಲಿ ಪಾಚಿ ಹಿಡಿದ ಬಂಡೆ ಹೇಗಿರುವುದೆಂಬುದನ್ನು ಆ ಊರಿನ ಮಕ್ಕಳು ಬಲ್ಲರು: ಕಾಲಿಟ್ಟರೆ ಹಿಡಿತವೇ ಸಿಗದು, ಮೇಲಣ ಕಾಡಿನಲ್ಲಿ ಮಳೆ ಸುರಿದರೆ ಕೆಳಗೆ ಬಿಸಿಲಿರುವಾಗಲೇ ನೀರು ಏರಿಬಿಡುತ್ತದೆ. ಬಂದವರು ಇದನ್ನು ಅರಿಯರು. ಅರಿತವರು ಹೇಳಿದರೆ ಕೇಳುವ ತಾಳ್ಮೆಯೂ ಎಲ್ಲರಲ್ಲಿ ಇರುವುದಿಲ್ಲ. ಕಂಬಿಯನ್ನು ದಾಟಿ ಒಂದು ಚಿತ್ರಕ್ಕೋಸ್ಕರ ಬಂಡೆಯ ತುದಿಗೆ ಹೋಗುವವರಲ್ಲಿ ಹಲವರು ಅಲ್ಲಿ ಪ್ರಾಣ ನೀಗಿದ್ದಾರೆ. ಚೇಲಾವರ ಜಲಪಾತದಲ್ಲಿಯೂ ಹಾಗೆಯೇ. ಸಕಲೇಶಪುರ ಮತ್ತು ಸುಬ್ರಹ್ಮಣ್ಯಗಳ ನಡುವಣ ರೈಲುಹಾದಿಯ ಸುರಂಗಗಳಲ್ಲಿಯೂ ಸೇತುವೆಗಳ ಮೇಲೆಯೂ ನಡೆಯುವುದನ್ನು ಒಂದು ಸಾಹಸವೆಂದೆಣಿಸಿದವರಿಗೆ, 1989ರ ರೈಲ್ವೆ ಕಾಯಿದೆಯ 147ನೆಯ ಕಲಮಿನಂತೆ ಅದು ಆರು ತಿಂಗಳವರೆಗಿನ ಸೆರೆವಾಸಕ್ಕೆ ಅರ್ಹವಾದ ಅಪರಾಧವೆಂಬುದು ಗೊತ್ತಿರುವುದಿಲ್ಲ.

ಇಲ್ಲಿ ಅನಾಹುತವಾದಾಗ ಯಾವ ವಿಮಾ ಸಂಸ್ಥೆಯೂ ಲೆಕ್ಕ ಕೇಳುವುದಿಲ್ಲ. ಅದರಿಂದಲೇ ದುಸ್ಸಾಹಸಕ್ಕೆ ಬೆಲೆಯೇ ಇಲ್ಲವೆಂಬ ಭ್ರಾಂತಿ ಬೆಳೆದಿದೆ. ಆದರೆ ಬೆಲೆಯನ್ನು ತೆರುವವರು ಇದ್ದೇ ಇದ್ದಾರೆ. ಅಗ್ನಿಶಾಮಕ ದಳದವರು ಬೆಟ್ಟದ ತಿರುವುಗಳನ್ನು ಹತ್ತಿ ಬರುವ ಮೊದಲೇ ಹಗ್ಗವನ್ನು ಸೊಂಟಕ್ಕೆ ಬಿಗಿದು ಪ್ರಪಾತಕ್ಕೆ ಇಳಿಯುವವನು ಅದೇ ಗ್ರಾಮದ ಯಾವನೋ ಒಬ್ಬ ಕೃಷಿಕ, ಇಲ್ಲವೆ ತೋಟದ ಕೂಲಿಯವನು. ಕಾಲಿಗೆ ಜಿಗಣೆಗಳು ಹತ್ತಿ, ಮುಖಕ್ಕೆ ನೀರಿನ ಸಿಡಿತ ರಾಚುತ್ತಿರುವಾಗ, ತನಗೆ ಹೆಸರೂ ತಿಳಿಯದ ಯಾರದೋ ಮಗನ ಕಳೇಬರವನ್ನು ಬೆತ್ತ ಬಿದಿರುಗಳ ಅಟ್ಟಣೆಗೆ ಕಟ್ಟಿ ಮೇಲಕ್ಕೆ ತರುವ ಆತನಿಗೆ ಆ ದಿನದ ಕೂಲಿಯೂ ನಷ್ಟ. ಜಾರಿ ಬಿದ್ದು ಬೆನ್ನು ಮುರಿದುಕೊಂಡರೆ ಅವನ ಹೆಂಡತಿಮಕ್ಕಳ ಗತಿಯೇನು? ಅಪಾಯದಲ್ಲಿದ್ದವರಿಗೆ ನೆರವಾದವರನ್ನು ಪೊಲೀಸು ಕೋರ್ಟುಗಳ ಅಲೆದಾಟದಿಂದ ಕಾಪಾಡಲು ಕರ್ನಾಟಕವು ಇತರ ರಾಜ್ಯಗಳಿಗಿಂತ ಮೊದಲೇ ಕಾಯಿದೆಯನ್ನು ಮಾಡಿದುದು ಶ್ಲಾಘ್ಯವಾದ ಕಾರ್ಯ. ಆದರೆ ಹಗ್ಗ ಹಿಡಿದು ಇಳಿಯುವವನ ಕೈಕಾಲುಗಳ ರಕ್ಷಣೆ ಬೇರೆಯೇ ವಿಷಯ.

ಈ ವಿಷಯದಲ್ಲಿ ಸ್ವಿಟ್ಜರ್ಲೆಂಡಿನ ವಿವೇಕ ನನಗೆ ಅತ್ಯಂತ ಆದರಣೀಯವಾಗಿ ತೋರುತ್ತದೆ. ಪರ್ವತಗಳ ನಡುವೆ ಬದುಕುವ ಆ ಜನ ಉದ್ಯೋಗಿಗಳಿಗೆ ಕಡ್ಡಾಯವಾದ ತಮ್ಮ ಅಪಘಾತವಿಮೆಯ ಕಾನೂನಿನಲ್ಲಿ, ಅತಿಶಯವಾದ ಅಪಾಯಕ್ಕೆ ತಾನಾಗಿ ಮೈಯೊಡ್ಡಿದವನಿಗೆ ಸಲ್ಲತಕ್ಕ ನಗದು ಪರಿಹಾರವನ್ನು ಅರ್ಧಕ್ಕೆ ಇಳಿಸುತ್ತಾರೆ, ವಿಶೇಷವಾದ ಸಂದರ್ಭದಲ್ಲಿ ಪೂರ್ಣವಾಗಿ ನಿರಾಕರಿಸುತ್ತಾರೆ. ಆದರೆ ಚಿಕಿತ್ಸೆಯನ್ನು ಮಾತ್ರ ತಪ್ಪಿಸುವುದಿಲ್ಲ. ಅದೇ ನಿಯಮದಲ್ಲಿ ಮತ್ತೊಂದು ಮಾತಿದೆ: ಅನ್ಯರ ಪ್ರಾಣವನ್ನುಳಿಸಲು ಹೋದವನು ಎಂತಹ ಅಪಾಯಕ್ಕೆ ಇಳಿದಿದ್ದರೂ ಅವನಿಗೆ ವಿಮೆಯ ರಕ್ಷಣೆ ಉಂಟು. ಒಂದೇ ಬಂಡೆಯ ಮೇಲೆ ನಿಂತ ಇಬ್ಬರಲ್ಲಿ, ಚಿತ್ರಕ್ಕೆಂದು ಬಂದವನನ್ನೂ ಅವನನ್ನು ಎತ್ತಲೆಂದು ಬಂದವನನ್ನೂ ಕಾನೂನು ಬೇರೆಬೇರೆಯಾಗಿ ಕಾಣುತ್ತದೆ.

ದುಡಿಯಲು ಗಲ್ಫ್ ದೇಶಗಳಿಗೆ ಹೋಗುವ ನಮ್ಮ ಶ್ರಮಜೀವಿಗಳ ಪೈಕಿ ವಲಸೆ ಅನುಮತಿ ಪಡೆಯಬೇಕಾದವರಿಗೆ ಕೇಂದ್ರ ಸರ್ಕಾರ ಪ್ರವಾಸಿ ಭಾರತೀಯ ಬಿಮಾ ಯೋಜನೆಯನ್ನು ಕಡ್ಡಾಯಗೊಳಿಸಿದೆ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತು. ಅಪಘಾತದಿಂದ ಮರಣವಾಗಲಿ ಶಾಶ್ವತ ಅಂಗವೈಕಲ್ಯವಾಗಲಿ ಸಂಭವಿಸಿದರೆ 10 ಲಕ್ಷ ರೂಪಾಯಿ. ಸಾಮೂಹಿಕವಾಗಿ ಮಾಡಿಸಿದರೆ ವಿಮೆ ಎಷ್ಟು ಸುಲಭವಾದ ಬೆಲೆಗೆ ದೊರೆಯುವುದೆಂಬುದಕ್ಕೆ ಬೇರೆ ನಿದರ್ಶನ ಬೇಕಾಗಿಲ್ಲ. ಆದುದರಿಂದ ಜಿಲ್ಲಾಡಳಿತದಲ್ಲಿಯೂ ಪ್ರವಾಸೋದ್ಯಮ ಇಲಾಖೆಯಲ್ಲಿಯೂ ನನ್ನ ವಿಜ್ಞಾಪನೆ ಇಷ್ಟು: ಕೊಡಗಿನಲ್ಲಿ ಪ್ರವೇಶಶುಲ್ಕವೋ ವಾಹನ ನಿಲುಗಡೆಯ ಶುಲ್ಕವೋ ವಸೂಲಾಗುವ ಪ್ರತಿಯೊಂದು ಜಲಪಾತದಲ್ಲಿಯೂ ಬೆಟ್ಟದಲ್ಲಿಯೂ ಆ ಹಣದ ಒಂದು ಪಾಲನ್ನು ತೆಗೆದಿರಿಸಿ, ರಕ್ಷಣಾಕಾರ್ಯಕ್ಕೆ ಇಳಿಯುವ ಸ್ಥಳೀಯರ ಹೆಸರುಗಳನ್ನು ಗ್ರಾಮಪಂಚಾಯಿತಿಯ ಮೂಲಕ ಬರೆಸಿಕೊಂಡು, ಅವರಿಗೆ ಅಪಘಾತವಿಮೆಯನ್ನೂ, ಕರೆ ಬಂದ ದಿನದ ಕೂಲಿಯನ್ನೂ, ಒಳ್ಳೆಯ ಹಗ್ಗ ಮತ್ತು ಜೀವರಕ್ಷಕ ಅಂಗಿಗಳನ್ನೂ ಒದಗಿಸಬೇಕು, ಕಂಬಿ ದಾಟಿದವರಿಂದ ವಸೂಲಾಗುವ ದಂಡವೂ ಇದೇ ನಿಧಿಗೆ ಸೇರಬೇಕು. ಈ ಸಾಲಿನ ಮಳೆ ಹಿಡಿಯುವುದರೊಳಗೆ ಮಲ್ಲಳ್ಳಿಯಿಂದಲೇ ಇದನ್ನು ಆರಂಭಿಸಬಹುದು.