ದಡಾರದ ನೆರಳು: ಮದ್ದಿಗಿಂತ ಮೊದಲು ಲಸಿಕೆ

ಬೇತಮಂಗಲ: ಚೆನ್ನಾಗಿ ಓದುತ್ತಿದ್ದ ಮಗು ಪಾಠ ಮರೆಯತೊಡಗುತ್ತದೆ. ಕೈಯಲ್ಲಿದ್ದ ಲೋಟ ಜಾರುತ್ತದೆ, ಮೈ ಬೆಚ್ಚಿದಂತೆ ಮತ್ತೆ ಮತ್ತೆ ಅದುರುತ್ತದೆ. ಸೋಮಾರಿತನವೆಂದು ಮನೆಯವರು ಗದರಿಸುವ ಈ ಲಕ್ಷಣಗಳ ಮೂಲ ವರ್ಷಗಳ ಹಿಂದೆ ಬಂದುಹೋದ ದಡಾರವಿರಬಹುದು. ವೈದ್ಯರು ಈ ಅಪರೂಪದ ಮೆದುಳು ರೋಗವನ್ನು ಎಸ್‌ಎಸ್‌ಪಿಇ ಎನ್ನುತ್ತಾರೆ.

ದಡಾರದ ವೈರಾಣು ರೂಪಾಂತರಗೊಂಡು ಮೆದುಳಿನಲ್ಲಿ ಉಳಿದು, ಸಾಮಾನ್ಯವಾಗಿ ಆರರಿಂದ ಹತ್ತು ವರ್ಷಗಳ ಬಳಿಕ ನರಕೋಶಗಳನ್ನು ನಾಶಪಡಿಸುತ್ತದೆ. ಎರಡು ವರ್ಷದೊಳಗೆ ದಡಾರ ಬಂದವರಿಗೆ ಅಪಾಯ ಹೆಚ್ಚು. ಕ್ಯಾಲಿಫೋರ್ನಿಯಾದ ಪ್ರಕರಣಗಳ ಕುರಿತು 2017ರಲ್ಲಿ ಪ್ರಕಟವಾದ ಅಧ್ಯಯನದಂತೆ, ವರ್ಷ ತುಂಬುವ ಮೊದಲೇ ದಡಾರ ಬಂದ ಸುಮಾರು 600 ಶಿಶುಗಳಲ್ಲಿ ಒಂದಕ್ಕೆ ಈ ರೋಗ ತಗಲುತ್ತದೆ.

ಹಾಗಾದರೆ ಮದ್ದಿಲ್ಲವೇ? ಐಸೊಪ್ರಿನೋಸಿನ್ ಮಾತ್ರೆ, ಮೆದುಳಿನ ದ್ರವಕ್ಕೆ ನೀಡುವ ಇಂಟರ್‌ಫೆರಾನ್, ರಿಬಾವಿರಿನ್ ಬಳಕೆಯಲ್ಲಿವೆ. ಮಾತ್ರೆ ಮಾತ್ರ ಪಡೆದವರನ್ನೂ ಜತೆಗೆ ಇಂಟರ್‌ಫೆರಾನ್ ಪಡೆದವರನ್ನೂ ಹೋಲಿಸಿದ ಅಂತರರಾಷ್ಟ್ರೀಯ ಪ್ರಯೋಗದ ಫಲಿತಾಂಶ 2003ರಲ್ಲಿ ಹೊರಬಂತು. ಎರಡೂ ಗುಂಪುಗಳಲ್ಲಿ ಸುಮಾರು ಮೂರನೇ ಒಂದು ಭಾಗದವರ ಸ್ಥಿತಿ ಸ್ಥಿರಗೊಂಡಿತು ಅಥವಾ ಸುಧಾರಿಸಿತು. ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ರೆಮ್‌ಡೆಸಿವಿರ್ ಬಗ್ಗೆಯೂ ಬಿಡಿ ವರದಿಗಳಿವೆ, ಅವು ಪುರಾವೆಯಾಗಲಾರವು. ಈ ಔಷಧಗಳು ಕೆಲವರಲ್ಲಿ ರೋಗದ ವೇಗ ತಗ್ಗಿಸಬಹುದು, ಆದರೆ ನಾಶವಾದ ನರಕೋಶವನ್ನು ಮರಳಿ ತರಲಾರವು. ರೋಗ ಪತ್ತೆಯಾಗುವ ಹೊತ್ತಿಗೆ ಬಹಳಷ್ಟು ಹಾನಿ ಆಗಿಯೇ ಇರುತ್ತದೆ.

ನಮ್ಮ ಭಾಗದ ಕುಟುಂಬಗಳಿಗೆ ಇಂಥ ರೋಗಕ್ಕೆ ಆಸರೆ ಬೆಂಗಳೂರಿನ ನಿಮ್ಹಾನ್ಸ್. ಬಂಗಾರಪೇಟೆಯಿಂದ ರೈಲು ಹಿಡಿದು ತಿಂಗಳುಗಟ್ಟಲೆ ಓಡಾಡುವ ಕೂಲಿಕಾರರಿಗೆ ಔಷಧದ ಬೆಲೆಯಷ್ಟೇ ಕಳೆದುಕೊಂಡ ದಿನಗೂಲಿಯೂ ಹೊರೆ. ಹಾಸಿಗೆ ಹಿಡಿದ ಮಗುವಿನ ಆರೈಕೆಗೆ ಸರಕಾರ ನೆರವಾಗಲೇಬೇಕು.

ಆದರೆ ನಿಜವಾದ ರಕ್ಷಣೆ ಅಂಗನವಾಡಿಯಲ್ಲಿಯೇ ಇದೆ. ದೇಶದ ಲಸಿಕಾ ಕಾರ್ಯಕ್ರಮಕ್ಕೆ ದಡಾರ ಲಸಿಕೆ ಸೇರಿದ್ದು 1985ರಲ್ಲಿ, ಎರಡನೇ ಡೋಸ್ ಆರಂಭವಾದದ್ದು 2010ರಲ್ಲಿ. 2017ರ ದಡಾರ-ರುಬೆಲ್ಲಾ ಅಭಿಯಾನದ ಮೊದಲ ಹಂತದಲ್ಲಿ ಕರ್ನಾಟಕವೂ ಇತ್ತು. ಈಗ 9ರಿಂದ 12 ತಿಂಗಳಲ್ಲಿ ಒಂದು, 16ರಿಂದ 24 ತಿಂಗಳಲ್ಲಿ ಇನ್ನೊಂದು ಡೋಸ್ ಉಚಿತವಾಗಿ ದೊರೆಯುತ್ತದೆ.

ಒಂಬತ್ತು ತಿಂಗಳು ತುಂಬದ ಹಸುಳೆಗೆ ಸುತ್ತಲಿನವರ ಲಸಿಕೆಯೇ ಕವಚ. ಲಸಿಕೆಯ ವಯಸ್ಸಿಗೆ ಮೊದಲೇ ದಡಾರ ತಗಲಿದ್ದ ಮಗುವೊಂದು 2025ರಲ್ಲಿ ಲಾಸ್ ಏಂಜಲಿಸ್ ಕೌಂಟಿಯಲ್ಲಿ ಇದೇ ರೋಗದಿಂದ ಮೃತಪಟ್ಟಿತು. ದುಡಿಮೆಗಾಗಿ ಊರು ಬದಲಿಸುವ ಪೋಷಕರ ಮಕ್ಕಳಿಗೆ ಎರಡನೇ ಡೋಸ್ ತಪ್ಪುವ ಭಯ ಹೆಚ್ಚು. ಶಾಲೆಗೆ ಸೇರಿಸುವಾಗ ತಾಯಿ ಕಾರ್ಡ್ ಪರಿಶೀಲಿಸುವುದು ದೊಡ್ಡ ಖರ್ಚಿನ ಕೆಲಸವೇನಲ್ಲ. ಅದನ್ನು ಮರೆತರೆ ತೆರಬೇಕಾದ ಬೆಲೆ ಮಾತ್ರ ಬಹಳ ದೊಡ್ಡದು.