ಮೋಡದಲ್ಲಿಟ್ಟ ಗಂಟು

ಹೋದ ತಿಂಗಳು ನಾನು ಅಂಗೈಯಗಲದ ಒಂದು ಹಾರ್ಡ್ ಡಿಸ್ಕನ್ನು ಕೊಂಡು ತಂದೆ. ಅದನ್ನು ಕಂಡು ನೆರೆಮನೆಯ ಮಿತ್ರರು ನಕ್ಕ ನಗು ಇನ್ನೂ ನನ್ನ ಕಿವಿಯಲ್ಲಿದೆ. "ಅಲ್ಲ ಸ್ವಾಮಿ, ಲೋಕವೆಲ್ಲ ಕ್ಲೌಡಿಗೆ ಏರಿ ಕೂತಿರುವಾಗ ನೀವಿನ್ನೂ ಟ್ರಂಕು ಹೊರುತ್ತೀರಲ್ಲ!" ಎಂದರು. ಅವರ ಫೋಟೋಗಳು, ಮನೆಯ ಕ್ರಯಪತ್ರ, ತೆರಿಗೆಯ ಕಾಗದ, ಮಗಳ ಜಾತಕ ಎಲ್ಲವೂ ಮೇಲೆಯೇ ಇವೆಯಂತೆ. ಜೇಬಿನಿಂದ ಫೋನು ತೆಗೆದು ಎರಡು ಸಲ ಬೆರಳಾಡಿಸಿದರು. ಹನ್ನೆರಡು ವರ್ಷದ ಹಿಂದಿನ ಧರ್ಮಸ್ಥಳದ ಪ್ರವಾಸ ಕಣ್ಣೆದುರು ನಿಂತಿತು. ನಾನು ತಲೆದೂಗಿದೆ. ಈ ಸೌಕರ್ಯವನ್ನು ಇಲ್ಲವೆನ್ನುವಷ್ಟು ಮೊಂಡ ನಾನಲ್ಲ. ನನ್ನ ತಂದೆಯವರ ಕಾಗದಗಳನ್ನೆಲ್ಲ ಊರಿನ ಅಟ್ಟದ ಮೇಲೆ ಗೆದ್ದಲು ತಿಂದು ಮುಗಿಸಿದ್ದನ್ನು ಕಣ್ಣಾರೆ ಕಂಡವನು. ಟ್ರಂಕಿನ ಸ್ತೋತ್ರ ಮಾಡಲು ನಾನಿದನ್ನು ಬರೆಯುತ್ತಿಲ್ಲ.

ಬರೆಯುತ್ತಿರುವುದು ನನ್ನ ಅಕ್ಕನ ಸಲುವಾಗಿ.

ಭಾವ ತೀರಿಕೊಂಡು ಮೂರು ವರ್ಷವಾಯಿತು. ಬಹಳ ಅಚ್ಚುಕಟ್ಟಿನ ಮನುಷ್ಯ. ನಮ್ಮ ಅಮ್ಮ ತನ್ನ ಕೊನೆಯ ದಿನಗಳನ್ನು ಅಕ್ಕನ ಮನೆಯಲ್ಲಿ ಕಳೆದಾಗ, ಆಕೆ ಹೇಳುತ್ತಿದ್ದ ಬೀಸುವ ಪದ, ಹಸೆಯ ಹಾಡು ಎಲ್ಲವನ್ನೂ ಭಾವ ಫೋನಿನಲ್ಲಿ ಹಿಡಿದು ಒಂದು ಕಂಪನಿಯ ಕ್ಲೌಡಿಗೆ ಏರಿಸಿದ್ದರು. ಅವರು ಹೋದಮೇಲೆ ಅವರ ನಂಬರಿಗೆ ಅಕ್ಕ ದುಡ್ಡು ಕಟ್ಟಲಿಲ್ಲ. ಸತ್ತವರ ಫೋನಿಗೆ ರೀಚಾರ್ಜ್ ಮಾಡಿಸಬೇಕೆಂದು ಯಾರಿಗೆ ತಾನೆ ಹೊಳೆಯುತ್ತದೆ? ನಂಬರು ರದ್ದಾಯಿತು. ಪಾಸ್‌ವರ್ಡ್ ಮನೆಯಲ್ಲಿ ಯಾರಿಗೂ ತಿಳಿಯದು; ಒ.ಟಿ.ಪಿ. ಹೋಗುವುದು ಆ ಇಲ್ಲದ ನಂಬರಿಗೆ. ಮರಣಪತ್ರ ಕಳಿಸಿದೆವು. ಅದನ್ನು ಇಂಗ್ಲಿಷಿಗೆ ಮಾಡಿಸಿ ನೋಟರಿಯ ಮೊಹರು ಹಾಕಿಸಿ ಮತ್ತೆ ಕಳಿಸಿದೆವು. ಪ್ರತಿ ಸಲವೂ ಅದೇ ಉತ್ತರ: ಖಾತೆಯ ಒಡೆಯರ ಗುರುತು ಖಚಿತವಾಗಲಿಲ್ಲ. ಉತ್ತರದ ಕೆಳಗೆ ಒಬ್ಬ ಮನುಷ್ಯನ ಹೆಸರಾದರೂ ಇದ್ದರೆ ಬೈಯಬಹುದಾಗಿತ್ತು, ಅದೂ ಇರಲಿಲ್ಲ. ಕೊನೆಗೆ ಅಕ್ಕ ಕೇಳಿದಳು: "ಅಮ್ಮನ ದನಿ ಕೇಳೋದಕ್ಕೆ ಯಾರ ಅಪ್ಪಣೆ ಬೇಕೋ?"

ಬೀಗ ಬಿಗಿಯಾಗಿರುವುದು ಕಳ್ಳರಿಗಾಗಿ, ನಿಮ್ಮ ಅಕ್ಕನಿಗಾಗಿ ಅಲ್ಲ ಎಂದು ಮಿತ್ರರು ಸಮಾಧಾನ ಹೇಳಿದರು. ಆ ಮಾತು ನಿಜವೇ. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತು ಬಂತು: "ಬ್ಯಾಂಕಿನಲ್ಲಿ ಹಣ ಇಡುವುದಿಲ್ಲವೆ? ಇದೂ ಹಾಗೆಯೇ." ನನಗೆ ಸಿಟ್ಟು ಬರುವುದು ಈ ಹೋಲಿಕೆಯನ್ನು ಕೇಳಿದಾಗ. ಬ್ಯಾಂಕು ಮುಳುಗಿದರೆ ನನ್ನ ಠೇವಣಿಗೆ ಐದು ಲಕ್ಷ ರೂಪಾಯಿವರೆಗೆ ವಿಮೆಯಿದೆ. ೨೦೨೦ಕ್ಕೆ ಮುಂಚೆ ಅದು ಒಂದೇ ಲಕ್ಷವಿತ್ತು. ಲಾಕರಿಗೆ ಬೆಂಕಿ ಬಿದ್ದರೆ, ನೌಕರನೇ ಮೋಸ ಮಾಡಿದರೆ, ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ ನೂರು ಪಟ್ಟು ಎಂದು ರಿಸರ್ವ್ ಬ್ಯಾಂಕು ಮಾಡಿದ ನಿಯಮ ೨೦೨೨ರ ಜನವರಿಯಿಂದ ಜಾರಿಯಲ್ಲಿದೆ. ನಾಮಿನಿಯ ಹೆಸರು ಬರೆಸಿಕೊಳ್ಳದೆ ಗುಮಾಸ್ತ ನಿಮ್ಮನ್ನು ಬಿಡುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಮ್ಯಾನೇಜರು ನನ್ನ ಪೆಟ್ಟಿಗೆ ತೆರೆದು ಹೆಂಡತಿಯ ಸರವನ್ನು ಎತ್ತಿ ನೋಡಿ, "ಇವರಿಗೆ ಬಳೆ ಬೇಕಾದೀತು" ಎಂದು ಚಿನಿವಾರರಿಗೆ ಹೇಳಿ ಕಳಿಸುವುದಿಲ್ಲ. ೨೦೦೪ರಲ್ಲಿ ಹುಟ್ಟಿದ ಜಿಮೇಲ್ ೨೦೧೭ರವರೆಗೂ ನಮ್ಮ ಕಾಗದಗಳನ್ನು ಯಂತ್ರದಿಂದ ಓದಿಸಿ, ಅದಕ್ಕೆ ತಕ್ಕ ಜಾಹೀರಾತುಗಳನ್ನು ಪಕ್ಕದಲ್ಲಿ ಅಂಟಿಸುತ್ತಿತ್ತು. ಬಿಟ್ಟುಬಿಡುತ್ತೇವೆಂದು ಆ ವರ್ಷ ಅವರೇ ಸಾರಿದರು. ಸಂತೋಷ. ನಾಳೆ ಮನಸ್ಸು ತಿರುಗಿದರೆ ತಡೆಯುವ ಕೈ ಮಾತ್ರ ನನ್ನದಲ್ಲ. ಎಷ್ಟು ಫೋಟೋ ಬೇಕಾದರೂ ಪುಕ್ಕಟೆ ಇಡಿ ಎಂದು ಕರೆದ ಗೂಗಲ್, ಊರೆಲ್ಲ ತಂದು ತುಂಬಿದಮೇಲೆ, ೨೦೨೧ರ ಜೂನ್ ಒಂದರಿಂದ ಹದಿನೈದು ಗಿಗಾಬೈಟಿನಾಚೆಗೆ ಬಾಡಿಗೆ ಹೇಳಿತು.

ಇನ್ನು ಬೆಂಕಿಯ ಮಾತು. ಮೋಡವೆಂಬ ಹೆಸರಿದ್ದರೂ ಅದು ನೆಲದ ಮೇಲಿನ ಕಟ್ಟಡವೇ ತಾನೆ? ೨೦೨೫ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯದ ಡೇಜಾನ್ ನಗರದಲ್ಲಿ ಸರಕಾರದ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿತ್ತು. ಸರಕಾರಿ ನೌಕರರು ಕಡತಗಳನ್ನಿಡುತ್ತಿದ್ದ ಜಿ-ಡ್ರೈವ್ ಎಂಬ ಉಗ್ರಾಣದಲ್ಲಿ ೮೫೮ ಟೆರಾಬೈಟ್ ಸುಟ್ಟುಹೋಯಿತು. ಬೇರೆಡೆ ನಕಲು ಇರಲಿಲ್ಲ. ಅಷ್ಟು ದೊಡ್ಡದಕ್ಕೆ ನಕಲಿಡುವುದು ಕಷ್ಟವೆಂದು ಇಟ್ಟಿರಲಿಲ್ಲವಂತೆ! ನಮ್ಮ ಅಟ್ಟದ ಗೆದ್ದಲೇ ಮೇಲು. ಒಂದು ಮನೆಯದನ್ನಷ್ಟೇ ತಿಂದಿತು.

ಮಿತ್ರರ ಕೊನೆಯ ಬಾಣ ಎಲ್ಲರೂ ಬಿಡುವಂಥದೇ: "ನಮ್ಮಂಥವರ ಮನೆಯಲ್ಲಿ ಕದ್ದು ನೋಡುವಂಥದೇನಿದೆ ಸ್ವಾಮಿ? ಗುಟ್ಟಿದ್ದವನಿಗೆ ಭಯ." ಸ್ಯಾನ್ ಫ್ರಾನ್ಸಿಸ್ಕೋದ ಒಬ್ಬ ತಂದೆಗೂ ಯಾವ ಗುಟ್ಟೂ ಇರಲಿಲ್ಲ. ೨೦೨೧ರಲ್ಲಿ ತನ್ನ ಎಳೆಯ ಮಗನಿಗೆ ಗುಪ್ತಾಂಗದಲ್ಲಿ ಬಾವು ಬಂದಾಗ, ವೈದ್ಯರಿಗೆ ತೋರಿಸಲೆಂದು ಫೋಟೋ ತೆಗೆದ. ಫೋನು ತಾನಾಗಿಯೇ ಅದನ್ನು ಗೂಗಲ್‌ನ ಕ್ಲೌಡಿಗೆ ಏರಿಸಿತು. ಅಲ್ಲಿನ ಯಂತ್ರ ಅದನ್ನು ಪಾತಕವೆಂದು ಬಗೆಯಿತು. ಅಂಚೆ, ಫೋಟೋ, ಫೋನ್ ನಂಬರು ಎಲ್ಲವೂ ಒಂದೇ ಪೆಟ್ಟಿಗೆ ಹೋದವು. ಪೊಲೀಸರು ವಿಚಾರಿಸಿ ಅಪರಾಧವಿಲ್ಲವೆಂದರು. ಕಂಪನಿ ಮಾತ್ರ ಖಾತೆಯನ್ನು ಹಿಂದಿರುಗಿಸಲಿಲ್ಲ. ಇದನ್ನು ೨೦೨೨ರಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿಮಾಡಿತು. ಮಕ್ಕಳ ಮೇಲಿನ ಪಾತಕವನ್ನು ಹುಡುಕಬಾರದೆಂದು ನಾನು ಹೇಳುವವನಲ್ಲ. ಆದರೆ ಆ ತಂದೆ ಯಾರ ಬಾಗಿಲು ತಟ್ಟಬೇಕಾಗಿತ್ತು ಹೇಳಿ.

'ಗುಟ್ಟಿದ್ದವನಿಗೆ ಭಯ' ಎಂಬ ಮಾತಿಗೆ ಎದುರಾಡಿದವರು ನಮ್ಮ ಬೆಂಗಳೂರಿನಲ್ಲೇ ಇದ್ದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತಾರರ ವಯಸ್ಸಿನಲ್ಲಿ, ೨೦೧೨ರಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದು ಸರಕಾರ ವಾದಿಸಿತು. ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಾಧೀಶರೂ ಒಮ್ಮತದಿಂದ, ಹಕ್ಕು ಹೌದೆಂದರು. ೨೦೨೪ರಲ್ಲಿ ಅವರು ತೀರಿಕೊಂಡರು. ಅವರಿಗೇನು ಮುಚ್ಚಿಡುವ ಗುಟ್ಟಿತ್ತೆಂದು ಯಾರೂ ಕೇಳಿದ್ದು ನನಗೆ ಗೊತ್ತಿಲ್ಲ.

೨೦೨೩ರಲ್ಲಿ ದತ್ತಾಂಶ ರಕ್ಷಣೆಯ ಕಾನೂನೂ ಬಂತು. ನಾವು ಸತ್ತಮೇಲೆ ನಮ್ಮ ಪರವಾಗಿ ಕೇಳುವವರನ್ನು ನಾಮಕರಣ ಮಾಡುವ ಹಕ್ಕು ಅದರಲ್ಲಿದೆ; ತನ್ನ ಇಲಾಖೆಗಳನ್ನು ಕಾನೂನಿನಿಂದ ಹೊರಗಿಡುವ ಅಧಿಕಾರವನ್ನೂ ಸರಕಾರ ತನಗೆ ತಾನೇ ಕೊಟ್ಟುಕೊಂಡಿದೆ. ನಿಯಮಗಳು ಹೊರಬಿದ್ದದ್ದು ೨೦೨೫ರ ನವೆಂಬರಿನಲ್ಲಿ. ಅಕ್ಕನ ಪಾಲಿಗೆ ಇದು ತಡವಾಯಿತು. ಕೆಲವು ಕಂಪನಿಗಳು ತಾವಾಗಿ ವಾರಸುದಾರರನ್ನು ಹೆಸರಿಸುವ ಏರ್ಪಾಡು ಮಾಡಿವೆ, ಅದನ್ನು ಹುಡುಕಿ ತೆಗೆಯುವ ತಾಳ್ಮೆ ಇರಬೇಕಷ್ಟೆ. ನಮ್ಮ ಮಿತ್ರರು ಈವರೆಗೆ ಹುಡುಕಿಲ್ಲ. ಕ್ರಯಪತ್ರ ಮೇಲೆಯೇ ಇದೆ. ಪಾಸ್‌ವರ್ಡ್ ಅವರ ಮನೆಯಾಕೆಗೆ ತಿಳಿಯದು. ಅವರನ್ನು ಕ್ಲೌಡಿನಿಂದ ಇಳಿಯಿರಿ ಎಂದು ನಾನು ಕೇಳುತ್ತಿಲ್ಲ, ನಾನೂ ಇಳಿದಿಲ್ಲ. ಒಂದು ನಕಲು ಕೈಯಳತೆಯಲ್ಲಿರಲಿ, ಕೀಲಿಕೈಯ ಗುರುತು ಮನೆಯಲ್ಲಿ ಇನ್ನೊಬ್ಬರಿಗೂ ತಿಳಿದಿರಲಿ ಎಂದರೆ ನಗುತ್ತಾರೆ.

ಕಳೆದ ಭಾನುವಾರ ಅಕ್ಕ ನಮ್ಮ ಮನೆಗೆ ಬಂದಿದ್ದಳು. ಭಾವ ಎಂದೋ ವಾಟ್ಸಾಪಿನಲ್ಲಿ ಚಿಕ್ಕಮ್ಮನಿಗೆ ಕಳಿಸಿದ್ದ ಒಂದೇ ಒಂದು ತುಣುಕು ಆಕೆಯ ಹಳೆಯ ಫೋನಿನಲ್ಲಿ ಉಳಿದಿತ್ತು. ನಲವತ್ತು ಸೆಕೆಂಡು. ಅದರಲ್ಲಿ ಹಾಡು ಅರ್ಧವೇ ಇದೆ. "ಸಾಕು ಬಿಡಿ, ಒಲೆಯ ಮೇಲೆ ಹಾಲಿಟ್ಟಿದೀನಿ" ಎಂದು ಅಮ್ಮ ಅಳಿಯನಿಗೆ ಹೇಳಿ ಎದ್ದುಹೋಗುತ್ತಾಳೆ. ಹಾರ್ಡ್ ಡಿಸ್ಕಿಗೆ ಮೊದಲು ಹಾಕಿದ್ದು ಅದನ್ನೇ. ಅಕ್ಕ ನಾಲ್ಕು ಸಲ ಕೇಳಿ, ತನಗೂ ಅಂಥದೊಂದು ಡಬ್ಬಿ ತಂದುಕೊಡು ಎಂದಳು.