ದೀಪದ ಬೆಳಕು ರಸ್ತೆಗೆ ಬೀಳಲಿ

ಬೆಂಗಳೂರು ದಕ್ಷಿಣ ನಗರ ಪಾಲಿಕೆಯ ಮಾನ್ಯ ಆಯುಕ್ತರಿಗೆ,

ಬೀದಿದೀಪ ಉರಿಯುತ್ತಿಲ್ಲ ಎಂಬ ದೂರು ತಮಗೆ ದಿನವೂ ಬರುತ್ತಿರಬೇಕು. ನಾನು ಬರೆಯುತ್ತಿರುವುದು ಉರಿಯುವ ದೀಪಗಳ ಬಗ್ಗೆ. ಅವನ್ನು ಆರಿಸಿ ಎನ್ನುತ್ತಿಲ್ಲ. ಅವುಗಳ ಬೆಳಕು ಮೇಲಕ್ಕೆ ಚೆಲ್ಲದ ಹಾಗೆ ಮಾಡಿ ಎಂದು ಕೇಳುತ್ತಿದ್ದೇನೆ.

ಬೊಮ್ಮನಹಳ್ಳಿಯ ನಮ್ಮ ಮನೆಯ ಹಿತ್ತಲಿನಿಂದ ನಾನು ದೂರದ ಗೆಲಾಕ್ಸಿಗಳ ಫೋಟೊ ತೆಗೆಯುತ್ತೇನೆ. ಯುಗಾದಿ ಕಳೆದ ಮೇಲೆ, ನಡುರಾತ್ರಿಯ ಹೊತ್ತಿಗೆ, ಹಸ್ತ ಮತ್ತು ಚಿತ್ತಾ ನಕ್ಷತ್ರಗಳ ನಡುವೆ ಸೊಂಬ್ರೆರೊ ಎಂಬ ಗೆಲಾಕ್ಸಿ ದಕ್ಷಿಣದ ಆಕಾಶದಲ್ಲಿ ನೆತ್ತಿಯ ಕಡೆಗೆ ಏರಿರುತ್ತದೆ. ಸುಮಾರು 3 ಕೋಟಿ ಜ್ಯೋತಿರ್ವರ್ಷ ದೂರ. ಲಂಡನ್ನಿನವರಿಗೆ ಅದು ಇಷ್ಟು ಎತ್ತರದಲ್ಲಿ ಎಂದೂ ಸಿಗುವುದಿಲ್ಲ. ಆದರೆ ಹೊಸೂರು ರಸ್ತೆಯ ಮೇಲೆ ಕವಿದಿರುವ ಬಿಳಿ ಬೆಳಕಿನಲ್ಲಿ ಅದು ಮುಳುಗಿಹೋಗುತ್ತದೆ. ಭೂಮಿ ತಿರುಗಿದಂತೆ ಕ್ಯಾಮೆರಾವನ್ನೂ ತಿರುಗಿಸುತ್ತ, ಒಂದೆರಡು ನಿಮಿಷಗಳ ನೂರಾರು ಚಿತ್ರಗಳನ್ನು ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿದರೆ ಅದರ ಕಪ್ಪು ದೂಳಿನ ಪಟ್ಟಿ ಮೆಲ್ಲಗೆ ಮೂಡುತ್ತದೆ. ಕತ್ತಲ ಊರಿನಲ್ಲಿ ಒಂದು ಗಂಟೆಯಲ್ಲಿ ಆಗುವ ಕೆಲಸಕ್ಕೆ ಇಲ್ಲಿ ಹತ್ತಾರು ಗಂಟೆ ಬೇಕು.

ಫಿಲ್ಟರ್ ಹಾಕಿಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. ಹಳೆಯ ಸೋಡಿಯಂ ದೀಪಗಳ ಬೆಳಕಿನ ಬಹುಪಾಲು ಹಳದಿ, ಕಿತ್ತಳೆ ಬಣ್ಣಗಳಲ್ಲೇ ಇರುತ್ತಿತ್ತು. ಅದನ್ನು ಫಿಲ್ಟರ್ ಸಾಕಷ್ಟು ತಡೆಯುತ್ತಿತ್ತು. ಬಿಳಿ ಎಲ್‌ಇಡಿಯಲ್ಲಿ ಎಲ್ಲ ಬಣ್ಣಗಳೂ ಇವೆ. ನಕ್ಷತ್ರಗಳ ಬೆಳಕೇ ಆಗಿರುವ ಗೆಲಾಕ್ಸಿಯಲ್ಲೂ ಎಲ್ಲ ಬಣ್ಣಗಳಿವೆ. ಇವೆರಡನ್ನು ಬೇರ್ಪಡಿಸುವ ಗಾಜು ಇಲ್ಲ. ಜೊತೆಗೆ ಎಲ್‌ಇಡಿಯ ನೀಲಿ ಅಂಶ ಗಾಳಿಯಲ್ಲಿ ಹೆಚ್ಚು ಚದುರಿ ಇಡೀ ಆಕಾಶವನ್ನು ಬೆಳಗುತ್ತದೆ. ನಾನು ಹೊಸ ಉಪಕರಣ ಕೊಂಡು ಬಿಡಿಸಿಕೊಳ್ಳಬಹುದಾದ ತೊಂದರೆ ಇದಲ್ಲ. ದೀಪದಲ್ಲೇ ಸರಿಯಾಗಬೇಕು.

ಇದೇನು ಒಬ್ಬರ ಹವ್ಯಾಸದ ಗೋಳು ಎಂದು ತಾವು ಭಾವಿಸಬಾರದು. ಹವ್ಯಾಸಿಗಳ ಕಣ್ಣಿಗೆ ಬೆಲೆಯಿದೆ. 2023ರ ಮೇ 19ರಂದು ಎಂ 101 ಗೆಲಾಕ್ಸಿಯಲ್ಲಿ ನಕ್ಷತ್ರವೊಂದು ಸಿಡಿದದ್ದನ್ನು ಮೊದಲು ಪತ್ತೆ ಮಾಡಿದವರು ಜಪಾನಿನ ಹವ್ಯಾಸಿ ಕೊಯಿಚಿ ಇಟಗಾಕಿ. ಆಮೇಲೆ ಅದನ್ನು ಲಡಾಖಿನ ಹಾನ್ಲೆಯಲ್ಲಿರುವ ನಮ್ಮ ಹಿಮಾಲಯನ್ ಚಂದ್ರ ದೂರದರ್ಶಕವೂ ನೋಡಿತು. ಆ ದೂರದರ್ಶಕವನ್ನು ನಡೆಸುವವರು ನಮ್ಮ ಹೊಸಕೋಟೆಯಲ್ಲಿ ಕುಳಿತಿರುತ್ತಾರೆ. ಅದರ ಒಡೆತನದ ಭಾರತೀಯ ಖಭೌತ ಸಂಸ್ಥೆ ನಮಗೆ ಹತ್ತಿರದ ಕೋರಮಂಗಲದಲ್ಲಿದೆ. ಆದರೆ ಆಕಾಶ ನೋಡಲು ಆ ಸಂಸ್ಥೆ ತಮಿಳುನಾಡಿನ ಕಾವಲೂರಿಗೆ, ಹಾನ್ಲೆಗೆ ಹೋಗಬೇಕಾಯಿತು. ಹಾನ್ಲೆಯ ಸುತ್ತ 2022ರಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶ ಘೋಷಣೆಯಾದಾಗ ಅಲ್ಲಿನ ಹಳ್ಳಿಗಳ ಜನ ತಮ್ಮ ದೀಪಗಳನ್ನು ಹತೋಟಿಗೆ ತಂದುಕೊಳ್ಳಲು ಒಪ್ಪಿದರು. ಬೆಂಗಳೂರು ಹಾನ್ಲೆಯಾಗದು, ನನಗೆ ಗೊತ್ತು. ಹಸ್ತದ ಐದು ಚುಕ್ಕೆಗಳನ್ನಾದರೂ ನಮ್ಮ ಮಕ್ಕಳು ಬರಿಗಣ್ಣಿನಿಂದ ಎಣಿಸುವಂತಾಗಬೇಕು.

ಬೊಮ್ಮನಹಳ್ಳಿಯಲ್ಲಿ ಗಾರ್ಮೆಂಟ್ಸ್ ಕೆಲಸ ಮುಗಿಸಿ ಕತ್ತಲಾದ ಮೇಲೆ ಮನೆಗೆ ನಡೆಯುವ ಹೆಣ್ಣುಮಕ್ಕಳಿದ್ದಾರೆ. ಅವರಿಗೆ ಬೆಳಕು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಸುಕಿಲ್ಲದ ದೀಪ ಅವರ ಕಣ್ಣಿಗೆ ರಾಚುತ್ತದೆ. ಅದರಾಚೆ ನಿಂತವರು ಯಾರೆಂದು ಕಾಣುವುದಿಲ್ಲ, ಫುಟ್‌ಪಾತಿನ ಕಿತ್ತ ಚಪ್ಪಡಿಯೂ ಕಾಣುವುದಿಲ್ಲ. ಆಕಾಶಕ್ಕೆ ಹೋಗುವ ಬೆಳಕಿಗೂ ಕರೆಂಟ್ ಬಿಲ್ ಕಟ್ಟುವವರು ನಾವೇ. ಬೆಳಕನ್ನು ಪೂರ್ತಿ ಕೆಳಕ್ಕೆ ಹಾಯಿಸುವ ಮುಸುಕು, 3000 ಕೆಲ್ವಿನ್ ಮೀರದ ಬೆಚ್ಚನೆಯ ಬಣ್ಣ: ಬೀದಿದೀಪಕ್ಕೆ ಇಷ್ಟು ಸಾಕು. ಕಟ್ಟಡಗಳ ಗೋಡೆಗೆ ಬಿಡುವ ಫ್ಲಡ್‌ಲೈಟ್‌ಗಳೂ ಜಾಹೀರಾತಿನ ಎಲ್‌ಇಡಿ ಫಲಕಗಳೂ ರಾತ್ರಿ 11ರ ನಂತರ ಆರಬೇಕು ಎಂಬ ನಿಯಮವೂ ಬೇಕು.

ತಮ್ಮ ಪಾಲಿಕೆ ಹುಟ್ಟಿದ್ದು 2025ರ ಸೆಪ್ಟೆಂಬರಿನಲ್ಲಿ. ಹೊಸ ಪಾಲಿಕೆಗೆ ಹೊಸ ರೂಢಿ ಹಾಕಿಕೊಡಲು ಇದೇ ಸಮಯ. ಕೋರಮಂಗಲದ ವಿಜ್ಞಾನಿಗಳನ್ನು ಒಮ್ಮೆ ಕರೆಸಿ ಮಾತನಾಡಿ. ಬೊಮ್ಮನಹಳ್ಳಿಯ ಒಂದು ವಾರ್ಡಿನಲ್ಲಿ ಮೊದಲು ಮಾಡಿ ನೋಡಿ. ಬೀದಿದೀಪದ ಮುಂದಿನ ಟೆಂಡರಿನಲ್ಲಿ ಮುಸುಕಿನ ಷರತ್ತನ್ನು ದಯವಿಟ್ಟು ಸೇರಿಸಿ.

ಇಂತಿ ತಮ್ಮ ವಿಶ್ವಾಸಿ,
ಬೊಮ್ಮನಹಳ್ಳಿಯ ನಿವಾಸಿ